ಕೂರಲಾಗದ ಕಟ್ಟೆ

ಹೊಸ ಬಡಾವಣೆಯ ಕಾಮಗಾರಿ ನೋಡಿಕೊಳ್ಳುವ ಮಾನ್ಯರೇ,

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಯಲ್ಲಿ ಪತ್ರ ಬರೆಸುತ್ತಿದ್ದೀರಿ, ಇದೇ ನನ್ನ ಮೊದಲ ದೂರು. ಎಷ್ಟೋ ಸಲ ನಿಮ್ಮ ಕಚೇರಿಗೆ ಬಂದೆ. ಬಂದಾಗಲೆಲ್ಲ "ಬರೆದು ಕೊಡಿ" ಎಂದರು. ಬಾಯಲ್ಲಿ ಹೇಳಿದ್ದು ಕಿವಿಗೆ ಬೀಳದವರಿಗೆ ಬರೆದದ್ದಾದರೂ ಕಣ್ಣಿಗೆ ಬೀಳುತ್ತದೆ ಅನ್ನುವ ನಂಬಿಕೆ ಇಲ್ಲದೆ ಪತ್ರಿಕೆಗೇ ಕೊಟ್ಟಿದ್ದೇನೆ. ಎರಡನೇ ದೂರು: ಸಾರಕ್ಕಿಯ ಹೊಂಗೆ ಮರಕ್ಕೆ ನೀವು ಕಟ್ಟಿಸಿದ ಕಟ್ಟೆಯ ಮೇಲೆ ಮನುಷ್ಯರು ಕೂರಲಾಗುವುದಿಲ್ಲ.

ಬಡಾವಣೆಗೆ ನಮ್ಮ ಹೊಲ ಹೋಯಿತು, ಊರು ಚದುರಿತು. ನನ್ನ ಪಕ್ಕದ ಹೊಲದ ಬೈರಣ್ಣ ಶ್ರೀನಗರ ಸೇರಿದ. ಆದರೂ ಸಂಜೆ ಬಸ್ಸು ಹಿಡಿದು ಬರುತ್ತಿದ್ದ. ಮರದ ಕೆಳಗಿನ ಕಲ್ಲುಗಳ ಮೇಲೆ ಕೂತು ಮಾತಾಡುತ್ತಿದ್ದೆವು. ಆ ಕಲ್ಲುಗಳನ್ನು ನಿಮ್ಮವರು ಒಡೆದು ರಸ್ತೆಗೆ ಹಾಕಿದರು. ಅದಕ್ಕೇ ಓವರ್‌ಸೀಯರ್ ಬಂದಾಗ ಬೈರಣ್ಣ ಕೇಳಿದ:

"ಸಾಮಿ, ಆ ಮರಕ್ಕೊಂದು ಕಟ್ಟೆ ಕಟ್ಸಿಕೊಡಿ."

"ಆಗ್ಲಿ ಗೌಡ್ರೆ, ಮರಕ್ಕೇನೂ ಆಗ್ದಂಗೆ ನೋಡ್ಕೋತೀವಿ."

ನಾವು ಕೈ ಮುಗಿದೆವು. ಕಟ್ಟೆ ಎಂದರೆ ನಮಗೆ ಕೂರುವ ಜಾಗ, ಅವರಿಗೆ ಮರ ಕಾಯುವ ಗೋಡೆ. ಮಾತು ಒಂದೇ, ತಲೆಯಲ್ಲಿದ್ದ ಕಟ್ಟೆ ಬೇರೆ ಬೇರೆ. ಎದೆಮಟ್ಟ ಗೋಡೆ ಎದ್ದಿತು, ಮೇಲೆ ಚೂಪು ಕಲ್ಲು. ನೀರಿನವರು ಕೊಳಾಯಿ ಹಾಕಲು ಬಂದು ಅದರ ಒಂದು ಪಕ್ಕ ಅಗೆದು ಹೋದರು. ರಸ್ತೆಯವರು ಇನ್ನೊಂದು ಪಕ್ಕಕ್ಕೆ ರಸ್ತೆ ತಂದು ಒತ್ತಿದರು. ಅವರವರ ಕೆಲಸ ಅವರವರು ಚೆನ್ನಾಗಿಯೇ ಮಾಡಿದ್ದಾರೆ, ಬೇಕಾದರೆ ಹಾರ ಹಾಕಿ. ಆದರೆ ಇದೆಲ್ಲ ಮುಗಿದ ಮೇಲೆ ಇಲ್ಲಿ ಜನ ಏನು ಮಾಡಬೇಕು ಅಂತ ಎಲ್ಲರೂ ಒಂದು ದಿನವಾದರೂ ಒಟ್ಟಿಗೆ ನಿಂತು ಮಾತಾಡಿದ್ದೀರಾ? ಹಿಂದೆ ನಾವು ಬಾವಿ ತೋಡುವಾಗ ಕೊಡ ಇಳಿಸುವ ಕಲ್ಲು ಎಲ್ಲಿರಬೇಕು ಅಂತ ಹೆಂಗಸರನ್ನೂ ಕರೆದು, ಜಗಳವಾಡಿ, ಒಪ್ಪಿದ ಮೇಲೆಯೇ ಗುದ್ದಲಿ ಎತ್ತುತ್ತಿದ್ದೆವು. ನಿಮ್ಮಲ್ಲಿ ಜಗಳವಾಡುವುದಕ್ಕೂ ಯಾರೂ ಎದುರು ಬದುರು ಬರುವುದಿಲ್ಲವಲ್ಲ.

ಗೋಡೆ ಎದ್ದ ಮೇಲೆ ಓವರ್‌ಸೀಯರನ್ನು ಕೇಳಿದೆವು.

"ದನ ಹತ್ತಬಾರ್ದು ಅಂತ ಎತ್ತರ ಮಾಡಿದೀವಿ."

"ದನ ಹತ್ತಲ್ಲ ಸಾಮಿ, ನಾನೂ ಹತ್ತಲ್ಲ," ಎಂದು ಬೈರಣ್ಣ ನಕ್ಕ.

ಅವತ್ತು ಸಂಜೆ ಗೋಡೆಗೆ ಒರಗಿ ನಿಂತು ಸ್ವಲ್ಪ ಹೊತ್ತು ಮಾತಾಡಿದ. ಅವನ ಮಂಡಿ ತಡೆಯಲಿಲ್ಲ. "ನಿಂತ್ಕೊಂಡು ಎಷ್ಟೊತ್ತು ಮಾತಾಡೋದು ತಿಮ್ಮಣ್ಣ, ಬರ್ತೀನಿ," ಎಂದು ಹೋದವನು ದೀಪಾವಳಿ ಕಳೆದರೂ ಬಂದಿಲ್ಲ.

ನನ್ನ ಮನೆ ತುಂಬ ಜನ ಇದ್ದಾರೆ, ಒಳ್ಳೆಯವರೇ. ಆದರೆ ನಾನು ಒಂದು ಎತ್ತಿನ ಹೆಸರು ಹೇಳಿದರೆ ಅದು ಯಾವ ಎತ್ತು ಅಂತ ಗೊತ್ತಿರುವವನು ಅವನೊಬ್ಬನೇ. ಸಂಜೆಯಾದರೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋಗುತ್ತೇನೆ. ಬಸ್ಸು ನಿಲ್ಲುತ್ತದೆ. ಇಳಿಯುವವರೆಲ್ಲ ಹೊಸಬರು. ನಿಮ್ಮ ಗೋಡೆ ಸುತ್ತಿ ಮನೆಗೆ ಬರುತ್ತೇನೆ.

ಗೋಡೆಯನ್ನು ಮಂಡಿಮಟ್ಟಕ್ಕೆ ಇಳಿಸಿ ಮೇಲೆ ಚಪ್ಪಡಿ ಹಾಸಿ. ಹಾಸಿದ ದಿನ ಗೋಡೆ ಕಟ್ಟಿದವರು, ನೀರಿನವರು, ರಸ್ತೆಯವರು ಎಲ್ಲರೂ ಬಂದು ನಮ್ಮ ಜೊತೆ ಅದರ ಮೇಲೆ ಕೂತು ನೋಡಿ. ಆಮೇಲೆ ಕೆಲಸ ಮುಗಿಯಿತು ಅಂತ ಬರೆದುಕೊಳ್ಳಿ. ಬೈರಣ್ಣನಿಗೆ ನಾನು ಹೇಳಿ ಕಳಿಸಬೇಕು. ಫೆಬ್ರವರಿ ಹದಿನೈದರೊಳಗೆ ಉತ್ತರ ಬೇಕು.

ಇಂತಿ,
ಇನ್ನೂ ನಿಂತೇ ಇರುವ
ತಿಮ್ಮರಾಯಪ್ಪ
ಸಾರಕ್ಕಿ, ಜನವರಿ ೧೯೬೩