ಆಂಬುಲೆನ್ಸ್ ಇಲ್ಲದ ರಾತ್ರಿಗಳು

ಪೋರ್ಟ್ ಟ್ರೆವೆನ್, ದಕ್ಷಿಣ ಆಸ್ಟ್ರೇಲಿಯಾ
ಮಾರ್ಚ್ ೧೧, ಬುಧವಾರ

ಪ್ರೀತಿಯ ಲಿಂಡ್ಸೆ,

ಇವತ್ತು ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಮತ ಹಾಕಲು ಶಾಲೆಗೆ ಹೋಗಿದ್ದೆನಂತೆ. ರಟ್ಟಿನ ಮರೆಯಲ್ಲಿ ನಿಂತು ಪೆನ್ಸಿಲ್ ಹಿಡಿದು ಅಭ್ಯರ್ಥಿಗಳ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ಬರೆಯುತ್ತಿದ್ದರೆ, ಒಂದೊಂದು ಅಂಕಿಗೂ ಹೊರಗಿನ ಧ್ವನಿವರ್ಧಕದಲ್ಲಿ ನನ್ನದೇ ದನಿ ಕೇಳುತ್ತಿತ್ತು. ಅಂಗಳದಲ್ಲಿ ಸಾಸೇಜ್ ಸುಡುತ್ತಿದ್ದವರು ಇಕ್ಕಳ ಎತ್ತಿಕೊಂಡು ಹಾಗೇ ನಿಂತುಬಿಟ್ಟಿದ್ದರು. ಎಚ್ಚರವಾದ ಮೇಲೆ ಮತ್ತೆ ಮಲಗಲಿಲ್ಲ, ಎದ್ದು ಈ ಕಾಗದಕ್ಕೆ ಕೂತೆ.

ನೀನು ಹೇಗಿದ್ದೀಯ? ರೇಡಿಯೇಷನ್ ಕೊಟ್ಟ ಕಡೆ ಚರ್ಮದ ಉರಿ ಇಳಿಯಿತೇ? ಸೂಪನ್ನಾದರೂ ಕುಡಿ, ರುಚಿಯಿಲ್ಲ ಎಂದು ತಳ್ಳಬೇಡ. ನಾಯಿ ಚೆನ್ನಾಗಿದೆ, ನಿನ್ನ ಬೂಟಿನ ಮೇಲೇ ಮಲಗುತ್ತದೆ. ಇಪ್ಪತ್ತೊಂದಕ್ಕೆ ಚುನಾವಣೆ, ಅವತ್ತು ನೀನು ಅಡಿಲೇಡಿನಲ್ಲೇ ಇರುವುದರಿಂದ, ಅಲ್ಲಿಂದಲೇ ಮತ ಹಾಕುವುದು ಹೇಗೆಂದು ನರ್ಸನ್ನು ಕೇಳು. ಮತ ಹಾಕದಿದ್ದರೂ ಕಾಯಿಲೆಯವರಿಗೆ ದಂಡ ಹಾಕುವುದಿಲ್ಲ ಅನ್ನುತ್ತಾರೆ. ಅನ್ನುವವರು ಏನು ಬೇಕಾದರೂ ಅನ್ನುತ್ತಾರೆ.

ಕಾಗದ ಏಕೆ, ಫೋನ್ ಮಾಡಬಹುದಿತ್ತಲ್ಲ ಎಂದು ನಿನಗೆ ಅನಿಸಿರಬೇಕು. ನನಗೆ ಈಗ ಫೋನಿನ ಮೇಲೆ ನಂಬಿಕೆಯಿಲ್ಲ. ಎಲ್ಲ ಶುರುವಾದದ್ದೇ ಅದರಿಂದ. ನೀನು ಹೋದ ಮರುವಾರ ಒಬ್ಬಳು ಹುಡುಗಿ ಫೋನ್ ಮಾಡಿ, ಇವತ್ತೇ ಚುನಾವಣೆ ನಡೆದರೆ ಯಾರಿಗೆ ಮತ ಹಾಕುತ್ತೀರಿ ಎಂದು ಕೇಳಿದಳು. ಇನ್ನೂ ತೀರ್ಮಾನಿಸಿಲ್ಲ ಎಂದೆ. ಅಷ್ಟು ಸಾಕಾಯಿತು ಅವಳಿಗೆ. ತೀರ್ಮಾನಿಸದವರೇ ನಮಗೆ ಬೇಕು, ಮಂಗಳವಾರ ಮಧ್ಯಾಹ್ನ ಬೌಲಿಂಗ್ ಕ್ಲಬ್ಬಿಗೆ ಬನ್ನಿ, ಚಹಾ ಸ್ಯಾಂಡ್‌ವಿಚ್ ಇರುತ್ತೆ, ಸುಮ್ಮನೆ ಮಾತಾಡೋಣ ಎಂದಳು. ನೀನಿಲ್ಲದ ಮನೆಯಲ್ಲಿ ಮಾತಿಗೆ ಯಾರಿದ್ದರು ಹೇಳು. ಹೋದೆ.

ಎಂಟು ಜನ ಇದ್ದೆವು. ಯಾವ ಪಕ್ಷದವರು ಕರೆಸಿದ್ದು ಎಂದರೆ ಹುಡುಗಿ ನಕ್ಕು ಬೇರೆ ಕಡೆ ನೋಡಿದಳು. ಆಗಲೇ ಎದ್ದು ಬರಬೇಕಿತ್ತು. ಮೇಜಿನ ಮೇಲೆ ಒಂದು ಪುಟ್ಟ ಯಂತ್ರ, ಕೆಂಪು ದೀಪ ಉರಿಯುತ್ತಿತ್ತು. ಈಗ ಸರ್ಕಾರ ನಡೆಸುವವರು ಒಂದು ಪ್ರಾಣಿಯಾಗಿದ್ದರೆ ಯಾವುದು ಎಂದು ಕೇಳಿದಳು. ನಿನ್ನ ಜೊತೆ ಸಿಂಪಿ ಹಿಡಿಯುತ್ತಿದ್ದ ಮುದುಕ, "ಹೆಜ್ಜಾರ್ಲೆ. ಬಾಯಿ ದೊಡ್ಡದು, ಸಿಕ್ಕಿದ್ದೆಲ್ಲ ಒಳಗೆ" ಅಂದ. ಮತ್ತೆ ಎದುರು ಪಕ್ಷದವರು? "ಸೀಗಲ್ ಹಕ್ಕಿ. ಯಾವಾಗ್ಲೂ ನಮ್ಮ ಚಿಪ್ಸ್ ಮೇಲೇ ಕಣ್ಣು." ಯಾರನ್ನು ನಂಬುತ್ತೀರಿ ಎಂದದ್ದಕ್ಕೆ, "ಯಾರೇ ಗೆಲ್ಲಲಿ, ನಮ್ಮ ಜೆಟ್ಟಿ ಹಲಗೆ ಮಾತ್ರ ಹಂಗೇ ಅಲ್ಲಾಡ್ತಿರುತ್ತೆ" ಎಂದು ಯಾರೋ ಅಂದರು, ಎಲ್ಲರೂ ನಕ್ಕರು, ನಾನೂ ನಕ್ಕೆ. ನಗು ಬಂದಾಗಲೇ ನನ್ನ ಬಾಯಿ ಸಡಿಲವಾಗುವುದು, ನಿನಗೆ ಗೊತ್ತಲ್ಲ. ಆಮೇಲೆ ಅವಳು ನನ್ನ ಕಡೆ ತಿರುಗಿ, "ಐಲ್ಸಾ, ನಿಮಗೆ ಅತಿ ಹೆಚ್ಚು ಭಯ ಯಾವುದ್ರದ್ದು?" ಎಂದು ಮೆತ್ತಗೆ ಕೇಳಿದಳು. ಇಷ್ಟು ವರ್ಷದಲ್ಲಿ ನನ್ನ ಭಯವನ್ನು ಯಾರೂ ಹಾಗೆ ಚಹಾ ಕೊಟ್ಟು ಕೇಳಿರಲಿಲ್ಲ. ಹೇಳಿಬಿಟ್ಟೆ, ಲಿಂಡ್ಸೆ. ನಮ್ಮೂರ ಆಂಬುಲೆನ್ಸ್ ನಡೆಸುವವರು ನಿನ್ನ ಹಾಗೆ ಸಂಬಳವಿಲ್ಲದ ಸ್ವಯಂಸೇವಕರು, ಜನ ಸಾಲದೆ ಕೆಲವು ರಾತ್ರಿ ಶೆಡ್ಡಿನಲ್ಲಿ ಯಾರೂ ಇರುವುದಿಲ್ಲ, ಎಪ್ಪತ್ತು ಕಿಲೋಮೀಟರ್ ಆಚೆಯಿಂದ ಗಾಡಿ ಬರಬೇಕು ಎಂದು. "ಇದು ಈ ಅಡುಗೆಮನೆ ದಾಟಬಾರ್ದು, ಊರು ಹೆದ್ರುತ್ತೆ" ಎಂದು ನೀನು ಹೇಳಿದ್ದು ನೆನಪಿತ್ತು. ನೆನಪಿದ್ದೂ ಹೇಳಿದೆ, ಯಾವ ವಾರ ಎಂಬುದನ್ನೂ ಹೇಳಿದೆ. ಬರುವಾಗ ಅಂಗಡಿಯಲ್ಲಿ ಸಾಮಾನು ಕೊಳ್ಳುವ ಒಂದು ಉಡುಗೊರೆ ಚೀಟಿ ಕೊಟ್ಟರು. ಅದನ್ನು ಮುಟ್ಟಿಲ್ಲ.

ಹೋದ ಶುಕ್ರವಾರ ಎಲ್ಲರ ಅಂಚೆ ಡಬ್ಬಿಗೂ ಒಂದು ಕರಪತ್ರ ಬಂತು. ಅಭ್ಯರ್ಥಿಯ ಹಲ್ಲುಕಿರಿದ ಮುಖ, ಅದರ ಕೆಳಗೆ ಅಂಗೈಯಷ್ಟಗಲ ಅಕ್ಷರ: ‘ಈ ರಾತ್ರಿ ನಿಮಗೇನಾದರೂ ಆದರೆ, ಶೆಡ್ಡಿನಲ್ಲಿ ಯಾರೂ ಇಲ್ಲ.’ ನನ್ನ ಮಾತೇ. ನಾನು ಅಂದದ್ದೇ ಹಾಗೆ. ಅಷ್ಟು ಓದಿ ಮಡಚಿ ಏಪ್ರನ್ ಜೇಬಿಗೆ ತುರುಕಿಕೊಂಡೆ, ಮುಂದೆ ಓದುವ ಧೈರ್ಯವಿರಲಿಲ್ಲ. ಬೇಕರಿಯಲ್ಲಿ ಬೇರೆ ಮಾತೇ ಇಲ್ಲ. ಗ್ಲೆನಿಸ್ ಗಂಡನಿಗೆ ಹೃದಯದ ಕಾಯಿಲೆಯಲ್ಲವೇ, ಅವಳು ಬ್ರೆಡ್ ಕಟ್ಟುತ್ತಾ, "ನಮ್ಮ ಯಜಮಾನರ ಎದೆಗೆ ಹೇಳಿಟ್ಟಿದೀನಿ ಕಣೇ, ನಿಲ್ಲೋದಿದ್ರೆ ಜನ ಇರೋ ದಿನ ನೋಡ್ಕೊಂಡು ನಿಲ್ಲು ಅಂತ" ಅಂದಳು. ನಗುತ್ತಲೇ ಅಂದಳು. ಮತ್ತೆ ನನ್ನ ಮುಖ ಯಾಕಷ್ಟು ಹೊತ್ತು ನೋಡಿದಳೋ ತಿಳಿಯದು.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ನಿಮ್ಮ ತಂಡದ ಮುಖಂಡ ಬೆವನ್ ಭಾನುವಾರ ಮಧ್ಯಾಹ್ನ ಮನೆಗೆ ಬಂದಿದ್ದ. ನಿನ್ನ ಕುರ್ಚಿಯಲ್ಲೇ ಕೂತು ಎರಡು ಸ್ಕೋನ್ ತಿಂದು, "ನಮ್ಮ ತಂಡದ ಆರೇ ಜನಕ್ಕೆ ಗೊತ್ತಿದ್ದ ವಿಷ್ಯ ಐಲ್ಸಾ. ಆರರಲ್ಲಿ ಒಬ್ರು ನಮ್ಮನ್ನ ಮಾರಿದಾರೆ. ಲಿಂಡ್ಸೆ ಅಲ್ಲ ಬಿಡು, ಪಾಪ. ಬೇಲಿಗೆ ಆ ಪಕ್ಷದ ಬೋರ್ಡ್ ಕಟ್ಕೊಂಡಿದಾಳಲ್ಲ ಮೇಡಮ್ಮು, ಅವಳೇ" ಅಂದ. ಟಾಮ್ಸಿನ್ ಮೇಲೆ ಹೇಳಿದ್ದು. ಹೋದ ವರ್ಷ ಶಾಲೆಗೆ ಬಂದು ನಿಮ್ಮ ತಂಡ ಸೇರಿದ ಆ ಟೀಚರ್. ಅವಳ ತಪ್ಪು ಎಳ್ಳಷ್ಟೂ ಇಲ್ಲ. ನಾನು ಮುಂದೆ ಕೂತು ಅವನಿಗೆ ಇನ್ನಷ್ಟು ಜಾಮ್ ಬಡಿಸಿದೆ. ಬರುವ ಸೋಮವಾರ ಸಂಜೆ ಶೆಡ್ಡಿನಲ್ಲಿ ಸಭೆ. ಟಾಮ್ಸಿನ್ ಸಮವಸ್ತ್ರವನ್ನು ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದಾಳಂತೆ, ಅಲ್ಲೇ ಕೊಟ್ಟು ಹೊರಟುಬಿಡುತ್ತಾಳಂತೆ. ಆಗ ಅವಳ ಪಾಳಿಯ ಶುಕ್ರವಾರ ರಾತ್ರಿಯೂ ಖಾಲಿ.

ಸಭೆಗೆ ಹೋಗಿ ನಾನೇ ಹೇಳಿದ್ದು ಎನ್ನುತ್ತೇನೆ. ಗಂಡ ಹೇಳದೆ ಹೆಂಡತಿಗೆ ಹೇಗೆ ಗೊತ್ತು ಎಂದು ನಿನ್ನನ್ನೇ ತೆಗೆದುಹಾಕಿದರೂ ಹಾಕಿದರು. ವಾಸಿಯಾಗಿ ಬಂದು ಮತ್ತೆ ಆ ಗಾಡಿ ಹತ್ತುವುದನ್ನೇ ಎಣಿಸುತ್ತಿದ್ದೀಯ, ನನಗೆ ಗೊತ್ತು. ಬೈಯಬೇಕೆನಿಸಿದರೆ ಬೈಯಿ, ಆದರೆ ಮಾತು ಬಿಡಬೇಡ.

ದೇವರು ನಿನ್ನ ಮೈಯನ್ನು ತಂಪಾಗಿಡಲಿ. ನಿನ್ನ ತಂಗಿಗೆ ನನ್ನ ನೆನಪು ಹೇಳು, ಈ ವಿಷಯ ಮಾತ್ರ ಹೇಳಬೇಡ.

ನಿನ್ನ
ಐಲ್ಸಾ

ಮರೆತಿದ್ದೆ: ಲಕೋಟೆ ಅಂಟಿಸುವ ಮುಂಚೆ ಕನ್ನಡಕ ಹಾಕಿಕೊಂಡು ಕರಪತ್ರದ ಸಣ್ಣ ಅಕ್ಷರವನ್ನೂ ಓದಿದೆ. ಖಾಲಿ ರಾತ್ರಿಗಳು ಮಂಗಳವಾರ, ಬುಧವಾರ, ಭಾನುವಾರ ಎಂದು ಹಾಕಿದ್ದಾರೆ. ಬೈಬಲ್ ಮುಟ್ಟಿ ಹೇಳುತ್ತೇನೆ, ನಾನು ಹೇಳಿದ್ದು ಮಂಗಳವಾರ, ಬುಧವಾರ ಎರಡೇ. ಭಾನುವಾರ ಖಾಲಿಯೆಂದು ನನಗೇ ಗೊತ್ತಿರಲಿಲ್ಲ. ನಮ್ಮ ಫ್ರಿಜ್ಜಿನ ಮೇಲಿನ ನಿಮ್ಮ ತಂಡದ ಪಾಳಿ ಪಟ್ಟಿಯಲ್ಲಿ ಭಾನುವಾರದ ಮುಂದೆ ಬೆವನ್ ಹೆಸರಿದೆ. ಆದರೆ ಅದು ಹಳೆಯ ತಿಂಗಳದ್ದು. ಈ ತಿಂಗಳದ್ದು ನಿನ್ನ ಫೋನಿಗೆ ಬಂದಿರುತ್ತದೆ. ಅದರಲ್ಲೂ ಅವನ ಹೆಸರೇ ಇದ್ದರೆ, ಅವನು ಆ ರಾತ್ರಿ ಬರುತ್ತಿಲ್ಲ ಎನ್ನುವುದು ಅವನೊಬ್ಬನಿಗಲ್ಲದೆ ಇನ್ಯಾರಿಗೆ ಗೊತ್ತಿರಲು ಸಾಧ್ಯ? ಸೋಮವಾರ ನಾನಂತೂ ಎದ್ದು ನಿಲ್ಲುತ್ತೇನೆ. ಒಬ್ಬಳೇ ನಿಲ್ಲಬೇಕೋ, ಅವನನ್ನೂ ಎಬ್ಬಿಸಬೇಕೋ ತಿಳಿಯಬೇಕು. ಫೋನ್ ಮಾಡಿ ‘ಇದೆ’ ಅಥವಾ ‘ಇಲ್ಲ’, ಅಷ್ಟೇ ಹೇಳಿ ಇಟ್ಟುಬಿಡು, ಹೆಸರು ಎತ್ತಬೇಡ. ಭಾನುವಾರದ ಸಾಲನ್ನು ಇನ್ನೊಂದು ಸಲ ಸರಿಯಾಗಿ ನೋಡು.