ವಾಪಸ್ಸು ಬಂದ ಡಬ್ಬಿ

ಹೊಳೆನರಸೀಪುರ, ೨೦೦೯

ಅತ್ತೆ,

ನಿಮ್ಮ ಸೊಸೆ ಸಾವಿತ್ರಿ ಬರೆಯುತ್ತಿದ್ದೇನೆ. ಇವತ್ತು ಕೈ ನಡುಗುತ್ತಿಲ್ಲ, ಅಕ್ಷರ ದುಂಡಗಿದೆ. ನಿಮಗೆ ಓದು ಬರುತ್ತಿರಲಿಲ್ಲ, ಮೇಲಿನ ಲೋಕಕ್ಕೆ ಹೋದಮೇಲೆ ಕಲಿತಿರಬಹುದು ಅಂದುಕೊಂಡಿದ್ದೇನೆ.

ಶಾಲೆಯಲ್ಲಿ ಪಾಠ ಮುಗಿಸಿ ಸಂಜೆ ಬಂದರೆ ನೀವು ಮೊದಲು ನನ್ನ ಚೀಲದಿಂದ ಊಟದ ಡಬ್ಬಿ ತೆಗೆಯುತ್ತಿದ್ದಿರಿ. ಚಿತ್ರಾನ್ನ ಬಹಳ ಉಳಿದಿದ್ದರೆ ಚಾಪೆ ಹಾಸುತ್ತಿದ್ದಿರಿ. "ತಿನ್ನಕ್ಕೂ ಆಗ್ನಿಲ್ಲ ಅಂದ್ರೆ ಎಷ್ಟು ಸೋತಿದ್ದೀಯ ಅಂತ ನಂಗೆ ಗೊತ್ತಾಯ್ತದೆ ಕಣವ್ವ. ಮಲಿಕೋ ಓಗು."

ಮಲ್ಲಿಪಟ್ಟಣದಿಂದ ನಿಮ್ಮ ಮಗಳು ಬಂದಿದ್ದ ದಿನ ನೆನಪಿದೆಯೇ? ನನ್ನ ಎಂಆರ್‌ಐ ನೋಡಿದ ಹಾಸನದ ಡಾಕ್ಟರು, ಇದು ಮಲ್ಟಿಪಲ್ ಸ್ಕ್ಲೀರೋಸಿಸ್, ನರಗಳ ಹೊದಿಕೆ ಸವೆಯುವ ಕಾಯಿಲೆ, ಆದರೆ ಮಿದುಳಿನಲ್ಲಿ ಮಚ್ಚೆ ಕಡಿಮೆ, ಇಷ್ಟೊಂದು ಸುಸ್ತು ಯಾಕೋ ತಿಳಿಯದು ಅಂದಿದ್ದರು. ನಾದಿನಿಗೆ ಅಷ್ಟೇ ಸಾಕಾಯಿತು. "ಡಾಕ್ಟ್ರೇ ಅಂಗಂದವ್ರೆ. ಅತ್ಗೆದು ಬರೀ ನಾಟ್ಕ ಕಣವ್ವ." ನೀವು ಡಬ್ಬಿಯನ್ನು ಅವಳ ಮುಂದಿಟ್ಟು, "ನಾಟ್ಕ ಆಡೋರು ಒಟ್ಟೆ ಅಸ್ಕೊಂಡು ಆಡ್ತಾರೇನೇ?" ಅಂದಿರಿ. ಆದರೆ ನನಗೇ ಅನುಮಾನ ಹೊಕ್ಕಿತ್ತು. ನಿಜಕ್ಕೂ ನಾನು ಸೋಮಾರಿಯೇ? ನೀವು ಹೋದಮೇಲಂತೂ...

ಕಳೆದ ವಾರ ಬೆಂಗಳೂರಿನಲ್ಲಿ ಮತ್ತೆ ಆ ಎಂಆರ್‌ಐ ಯಂತ್ರದ ಕೊಳವೆಯೊಳಗೆ ಮಲಗಿದೆ, ಒಂದು ಸಂಶೋಧನೆಗಾಗಿ. ಡಬಡಬ ಸದ್ದು ಬಿಟ್ಟರೆ ತೊಂದರೆಯೇನಿಲ್ಲ. ಡಾಕ್ಟರಮ್ಮ ಬಿಡಿಸಿ ಹೇಳಿದರು: ರಕ್ತ ಆಮ್ಲಜನಕ ಹೊತ್ತು ಮಿದುಳಿಗೆ ಹೋಗುತ್ತದೆ. ವಾಪಸ್ಸು ಬರುವ ರಕ್ತದಲ್ಲಿ ಎಷ್ಟು ಉಳಿದಿದೆ, ರಕ್ತ ಎಷ್ಟು ಹರಿಯಿತು ಎಂದು ಅಳೆದರೆ ಮಿದುಳು ಬಳಸಿದ್ದೆಷ್ಟು ಎಂದು ತಿಳಿಯುತ್ತದೆ. ನಾನು ನಕ್ಕುಬಿಟ್ಟೆ. ಅತ್ತೆ, ಇದು ನಿಮ್ಮ ಡಬ್ಬಿಯ ಲೆಕ್ಕವೇ ಅಲ್ಲವೇ?

ನನ್ನ ಡಬ್ಬಿಯಲ್ಲಿ ಬಹಳ ಉಳಿದಿತ್ತಂತೆ. "ನಿಮ್ಮೊಬ್ಬರನ್ನು ನೋಡಿ ತೀರ್ಮಾನ ಹೇಳೋಕಾಗಲ್ಲ. ಇದರಿಂದ ಕಾಯಿಲೆ ವಾಸಿಯೂ ಆಗಲ್ಲ," ಅಂದರು. "ಆದರೆ ಈ ಕಾಯಿಲೆ ಇರೋ ಎಷ್ಟೋ ಜನರ ಮಿದುಳು ಆಮ್ಲಜನಕ ಕಡಿಮೆ ಬಳಸ್ತಿದೆ. ಮಚ್ಚೆ ಕಡಿಮೆ ಅಂತ ಸುಸ್ತು ಸುಳ್ಳು ಅನ್ನೋ ಹಾಗಿಲ್ಲ."

ಹೊರಗೆ ಬೆಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ, ಅತ್ತೆ. ನಿಮ್ಮನ್ನು ಕರೆದ ಹಾಗೂ ಆಯಿತು. ಎಷ್ಟು ಹಗುರವಾಯಿತು ಗೊತ್ತೇ?

ನಾದಿನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ನಿನ್ನೆ ಬಸ್ಸು ಹತ್ತಿ ಬಂದಿದ್ದಳು. ನಾನು ಶಾಲೆಯಿಂದ ಬರುತ್ತಲೇ ಚೀಲಕ್ಕೆ ಕೈಹಾಕಿ ಡಬ್ಬಿ ತೆಗೆದಳು, ಮುಚ್ಚಳ ಬಿಚ್ಚಿ ನೋಡಿದಳು. ಆಮೇಲೆ ನಿಮ್ಮ ಚಾಪೆ ಹುಡುಕಿ ತಂದು ಹಾಸಿದಳು.

"ಮಲಿಕೊಳಿ ಅತ್ಗೆ," ಅಂದಳು.