ಪಡುವಣದ ಕೊನೆಯ ನಾಲ್ಕು ಬೆರಳು

ಮೇ 5, ರಾತ್ರಿ 8.20, ಮಾನ್ವಿ

ಮತ್ತೆ ಅದೇ. ತಾರಸಿಯಲ್ಲಿ ಕೈ ಚಾಚಿ ಬೆರಳು ಅಳತೆ ಹಿಡಿದೆ. ಶುಕ್ರ ದಿಗಂತದಿಂದ ಇನ್ನೂ ನಾಲ್ಕು ಬೆರಳು ಮೇಲಿರುವಾಗಲೇ ಕೆಂಪಾಗಿ, ಮಂಕಾಗಿ, ಮಾಯ. ಮುಳುಗಲಿಲ್ಲ — ಧೂಳು ನುಂಗಿತು. ಗದ್ದೆಯಲ್ಲಿ ಹುಲ್ಲು ಸುಡುವ ಹೊಗೆ ಬೇರೆ.

ಶುಕ್ರನೇ ಕಾಣದ ಕಡೆ ಎಳೆಚಂದ್ರ ಕಂಡೀತೇ? ನಾನು ಹೇಳಿದ್ದು ಸರಿಯೇ. ಹಾಗಾದರೆ ದಿನಾ ಯಾಕೆ ಮೆಟ್ಟಿಲು ಹತ್ತುತ್ತಿದ್ದೇನೆ?

ಮೇ 7

ಅಬ್ಬಾಗೆ ಫೋನ್. ಎತ್ತಲಿಲ್ಲ. ಇಪ್ಪತ್ತನೇ ದಿನ.

ದೇವದುರ್ಗದಲ್ಲಿ ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಅಷ್ಟೂ ವರ್ಷ ತಿಂಗಳು ತಿಂಗಳು ಚಂದ್ರ ನೋಡಿ ತಿಂಗಳ ಆರಂಭ ತೀರ್ಮಾನಿಸುವ ರಾಯಚೂರಿನ ಕಮಿಟಿಗೆ ಸಾಕ್ಷಿ ಹೇಳಿದವರು. ಹೋದ ತಿಂಗಳೂ 'ಕಂಡೆ' ಅಂದರು. ಕಮಿಟಿಯ ಇಮಾಮಹುಸೇನ ಸಾಹೇಬರು ನನ್ನನ್ನು ಕೇಳಿದರು: "ಮುಸರ್ರತ್ ಮೇಡಂ, ನೀವು ಫಿಸಿಕ್ಸ್ ಹೇಳೋರು. ಅಲ್ಲಿಂದ ಕಾಣಬಹುದೇನ್ರಿ?"

"ಚಂದ್ರ ದಿಗಂತದ ಮ್ಯಾಲ ಬರೀ ಆರು ಡಿಗ್ರಿ, ಮೂರು ಬೆರಳಷ್ಟೇ. ಈ ಧೂಳಾಗ ಸಾಧ್ಯ ಇಲ್ರಿ."

ಬೇರೆ ಊರಿನವರ ಸಾಕ್ಷಿ ಹಿಡಿದರು. ಅಬ್ಬಾರದು ಮಾತ್ರ ತೆಗೆದು ಹಾಕಿದರು — ತಾವು ನೋಡದೆ, ಬೇರೆಯವರು ಕಂಡ ಸುದ್ದಿ ಕೇಳಿ ಹೇಳಿದ್ದಾರೆ ಅಂತ. ಅವತ್ತು ರಾತ್ರಿ ಅಬ್ಬಾ ಫೋನ್ ಮಾಡಿ, "ಸುಳ್ಳ ಸಾಕ್ಷಿ ಹೇಳೋ ಮುದುಕ ಅನ್ನಿಸಿದೆಲ್ಲಾ" ಅಂದರು. ಅದೇ ಕೊನೆಯ ಮಾತು.

ಮೇ 8

ಮೂರೂವರೆ ಬೆರಳು. ಥೂ.

ಮೇ 12

ಮಧ್ಯಾಹ್ನ ಜೋರು ಮಳೆ. ಸಂಜೆ ಶುಕ್ರ ದಿಗಂತ ಮುಟ್ಟುವವರೆಗೂ ಕಂಡಿತು! ಅದೇ ತಾರಸಿ, ಅದೇ ಕಣ್ಣು.

ಕೆಳಗಿನ ಮನೆಯ ಯಮನಮ್ಮ ಬಟ್ಟೆ ತೆಗೆಯಲು ಬಂದಿದ್ದಳು. "ಇಂಥ ಮಳಿನೇ ನೋಡ್ರಿ, ದೇವದುರ್ಗದಾಗ ನಮ್ಮಕ್ಕನ ಮೆಣಸಿನಕಾಯಿ ಎಲ್ಲಾ ತೋಯಿಸಿದ್ದು."

"ಯಾವತ್ತು?"

"ನಿಮ್ಮಪ್ಪಾರ ಜಗಳದ ಫೋನ್ ಬಂದಿತ್ತಲ್ರಿ, ಅವತ್ತೇ ಮಧ್ಯಾಹ್ನ."

ಹಾಗಾದರೆ ಅಲ್ಲಿನ ಧೂಳೂ ಹೀಗೇ ತೊಳೆದುಹೋಗಿತ್ತು. ಅವತ್ತು ಮಾನ್ವಿಯಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಇಲ್ಲಿನ ಧೂಳು ನೋಡಿ ಅಲ್ಲಿನ ಆಕಾಶಕ್ಕೆ ತೀರ್ಪು ಕೊಟ್ಟೆ. 'ಅಲ್ಲಿ ಹೆಂಗದ ಅಬ್ಬಾ' ಅಂತ ಒಂದು ಮಾತು ಕೇಳಲಿಲ್ಲ. ಮಕ್ಕಳಿಗೆ ಪಾಠ ಹೇಳುವ ಬಾಯಿ ಇದು!

ಮೇ 17, ದೇವದುರ್ಗ

ಚಾಂದ್ರ ತಿಂಗಳ 29ನೇ ಸಂಜೆ, ಚಂದ್ರ ನೋಡುವ ದಿನ. ಹೇಳದೆ ಬಂದೆ. ಅಬ್ಬಾ ತಾರಸಿಗೆ ಬಂದು ಪಡುವಣಕ್ಕೆ ಮುಖ ಮಾಡಿ ನಿಂತರು. ಗಾಳಿ ಎದ್ದಿತು, ಧೂಳೋ ಧೂಳು... ಇವತ್ತೇ ಬೇಕಿತ್ತೇ! ಬೈನಾಕ್ಯುಲರ್‌ನಲ್ಲೂ ಬರೀ ಕಂದು ಪಟ್ಟಿ.

"ಅಬ್ಬಾ, ಶುಕ್ರನ ಕೆಳಗ ನೋಡ್ರಿ. ಲೆಕ್ಕದ ಪ್ರಕಾರ ಅಲ್ಲೇ ಇರಬೇಕು. ಕಂಡಂಗ ಆಗ್ತದಲ್ಲಾ?"

ಈ ಮಾತು ನನ್ನ ಬಾಯಿಂದ. ನಾಚಿಕೆಯಾಯಿತು.

ಅಬ್ಬಾರ ಮೊಬೈಲಿಗೆ ಇಮಾಮಹುಸೇನರ ಫೋನ್. ನಾನೇ ಎತ್ತಿ ಸ್ಪೀಕರ್ ಹಾಕಿದೆ. "ಮೇಡಂ, ನಿಮ್ಮಪ್ಪಾರು ಶಾಮೀದಸಾಬರು ಏನಂತಾರ್ರಿ?"

"ಕಂಡಿಲ್ರಿ" ಅಂದರು ಅಬ್ಬಾ. ನನ್ನ ಕಡೆ ತಿರುಗಿ, "ಕಾಣದ್ದು ಕಂಡೀನಿ ಅನ್ನಾಕ ನನಗ ಬರಂಗಿಲ್ಲವ್ವ. ಅವತ್ತೂ ಬರ್ತಿದ್ದಿಲ್ಲ."

"ಸಾಹೇಬ್ರ, ಫೋನ್ ಇಡಬ್ಯಾಡ್ರಿ" ಅಂದೆ. ಎಲ್ಲ ಹೇಳಿದೆ — ಮಳೆ, ಮಾನ್ವಿ, ಕೇಳದೆ ಹೋದದ್ದು. ತಪ್ಪು ನನ್ನದು, ಅಬ್ಬಾರದಲ್ಲ ಅಂದೆ.

ಸಾಹೇಬರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಫೋನ್ ಅವರ ಕೈಯಾಗ ಕೊಡ್ರಿ."

ಕೊಟ್ಟೆ. ಅಬ್ಬಾ ಸ್ಪೀಕರ್ ತೆಗೆದು ನನಗೆ ಬೆನ್ನು ಮಾಡಿ ನಿಂತರು. 'ಹ್ಞೂಂ... ಹ್ಞೂಂ' ಅಷ್ಟೇ ಕೇಳಿಸಿತು. ಇನ್ನೊಂದು ಕೈಯಲ್ಲಿ ಕಣ್ಣು ಒರೆಸಿಕೊಂಡರು. ಫೋನ್ ಇಟ್ಟು, 'ಮುಂದಿನ ತಿಂಗಳೂ ನನ್ನ ಸಾಕ್ಷಿ ಬೇಕಂತವ್ವ' ಅಂದರು.